‘ರನ್’ ಎಂಬ ಕಿರುಪದ

ಇಂಗ್ಲಿಷಿನ ‘ರನ್’ ಎಂದರೆ ‘ಓಡು’ ಎಂದಷ್ಟೇ ಬಾಯಿಪಾಠ ಮಾಡಿಸುವ ರೂಢಿಯನ್ನು ನಾವು ಓದುಗ ಬಂಧುಗಳ ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಆ ಒಂದೇ ಅರ್ಥವನ್ನು ನೆಚ್ಚಿದ ಬಾಲಕನು ಪರೀಕ್ಷೆಯಲ್ಲಿ ಅನುವಾದಿಸುವಾಗ ನೆಗಡಿಯಾದವನ ಮೂಗು ಓಡಿತೆಂದು ಬರೆದಾನು! ಮೂಗು ಸೋರುವುದು, ಹೊಳೆ ಹರಿಯುವುದು, ಒಗೆದ ಬಟ್ಟೆ ಬಣ್ಣ ಬಿಡುವುದು, ಅಂಗಡಿ ನಡೆಸುವುದು, ಇವೆಲ್ಲಕ್ಕೂ ಆ ಭಾಷೆಯಲ್ಲಿ ಇದೊಂದೇ ಪದ ಸಲ್ಲುತ್ತದೆ. ನಮ್ಮಲ್ಲಿ ಚುನಾವಣೆಗೆ ‘ನಿಲ್ಲುವ’ ಅಭ್ಯರ್ಥಿಯು ಅಮೆರಿಕೆಯಲ್ಲಿ ‘ಓಡುತ್ತಾನೆ’, ವಿನೋದವೇ ಸರಿ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ‘ಸೆಟ್’ ಪದದ್ದಾಗಿತ್ತು. ಅನಂತರದ ಪರಿಷ್ಕರಣದಲ್ಲಿ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು 9 ತಿಂಗಳು ಶ್ರಮಿಸಿ ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ವಿಂಗಡಿಸಿದರು. ಒಂಟಿ ಪದಕ್ಕೆ ಅರ್ಥ ಕೇಳುವ ಬದಲು, ಯಾವುದು ‘ರನ್’ ಆಗುತ್ತಿದೆಯೆಂದು ಮಕ್ಕಳನ್ನು ಕೇಳುವುದೇ ಲೇಸೆಂದು ನಮ್ಮ ಅಭಿಮತ: ಹೊಳೆಯೋ, ಗಿರಣಿಯೋ, ಗಣಕಯಂತ್ರವೋ?