ಈಥರ್ನೆಟ್ ಸ್ವಿಚ್ಚಿನ ವಿಳಾಸ ಕೋಷ್ಟಕ: ಅದರ ಕಲಿಕೆ ಮತ್ತು ಮರೆವು

ಕಟ್ಟಡವೊಂದರ ಗಣಕಯಂತ್ರಗಳನ್ನೆಲ್ಲ ಪರಸ್ಪರ ಜೋಡಿಸುವ ಈಥರ್ನೆಟ್ ಸ್ವಿಚ್ಚಿಗೆ, ಯಾವ ಯಂತ್ರವು ಯಾವ ಪೋರ್ಟಿನ ಕಡೆಗಿದೆಯೆಂದು ಸಾಮಾನ್ಯವಾಗಿ ಯಾರೂ ತಿಳಿಸಿರುವುದಿಲ್ಲ. ಆದರೂ ವಿದ್ಯುತ್ತು ಹರಿದ ಅಲ್ಪಕಾಲದಲ್ಲಿಯೇ ಅದು ಪ್ರತಿಯೊಂದು ಫ್ರೇಮನ್ನೂ ಸಲ್ಲಬೇಕಾದ ಯಂತ್ರಕ್ಕೆ ಮಾತ್ರ ಸಲ್ಲಿಸತೊಡಗುತ್ತದೆ. ಈ ತಿಳಿವು ಅದಕ್ಕೆ ಬಂದುದೆಲ್ಲಿಂದ, ಎಷ್ಟು ಕಾಲ ಉಳಿಯುತ್ತದೆ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿವೇಚಿಸಲಾಗುವುದು. ಸ್ವಿಚ್ ಇರುವುದರಿಂದ ಒಬ್ಬರ ವ್ಯವಹಾರ ಇನ್ನೊಬ್ಬರ ಯಂತ್ರಕ್ಕೆ ಕಾಣಿಸದೆಂಬ ನಂಬಿಕೆ ಬಲವಾಗಿ ಬೇರೂರಿದೆಯಾಗಿ, ಕಡೆಯ ಪ್ರಶ್ನೆಯು ಶಾಸ್ತ್ರಾಸಕ್ತರಿಗೆ ಮಾತ್ರ ಸಂಬಂಧಿಸಿದುದಲ್ಲ.

ಈಥರ್ನೆಟ್ಟಿಗೆ ಸೇರುವ ಪ್ರತಿಯೊಂದು ಸಾಧನಕ್ಕೂ ೪೮ ಬಿಟ್ಟುಗಳ ಮ್ಯಾಕ್ ವಿಳಾಸವೊಂದಿರುತ್ತದೆ. ಸಾಮಾನ್ಯವಾಗಿ ಇದರ ಮೊದಲ ೨೪ ಬಿಟ್ಟುಗಳು ಐಇಇಇ ಸಂಸ್ಥೆಯಿಂದ ತಯಾರಕನಿಗೆ ದೊರೆತವು. ಉಳಿದವನ್ನು ತಯಾರಕನೇ ಹಂಚುತ್ತಾನೆ. ಫ್ರೇಮಿನ ಆರಂಭದಲ್ಲಿ ಗಮ್ಯ ವಿಳಾಸವೂ ಅದರ ಬೆನ್ನಲ್ಲಿಯೇ ಮೂಲ ವಿಳಾಸವೂ ಬರುತ್ತವೆ. ಚಿಪ್ಪು ಮೂಲ ವಿಳಾಸವನ್ನೂ ಫ್ರೇಮು ಬಂದ ಪೋರ್ಟಿನ ಸಂಖ್ಯೆಯನ್ನೂ ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ಗಮ್ಯ ವಿಳಾಸವನ್ನು ಅದೇ ಕೋಷ್ಟಕದಲ್ಲಿ ಹುಡುಕುತ್ತದೆ. ಸಿಕ್ಕಿದರೆ ಫ್ರೇಮನ್ನು ಆ ಒಂದು ಪೋರ್ಟಿಗೆ ಕಳುಹಿಸುತ್ತದೆ. ಸಿಕ್ಕದಿದ್ದರೆ ಬಂದ ಪೋರ್ಟೊಂದನ್ನುಳಿದು ಮಿಕ್ಕೆಲ್ಲ ಪೋರ್ಟುಗಳಿಗೂ ಹಂಚಿಬಿಡುತ್ತದೆ. ೧೯೮೦ರ ದಶಕದ ಆದಿಭಾಗದಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಮಾರ್ಕ್ ಕೆಂಪ್ ರೂಪಿಸಿದ ಸೇತುವೆ ಯಂತ್ರದ ಕ್ರಮವೂ ಇದೇ. ೧೯೯೦ರಲ್ಲಿ ಐಇಇಇ ೮೦೨.೧ಡಿ ಎಂಬ ಮಾನಕದಲ್ಲಿ ಇದು ಸ್ಥಿರಗೊಂಡಿತು.

ಕೋಷ್ಟಕವು ಬರಿದಾಗಿದ್ದರೂ ಫ್ರೇಮು ಗುರಿ ಮುಟ್ಟುವುದು ತಪ್ಪುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಿಳಿಯದಿರುವುದರಿಂದಾಗುವ ನಷ್ಟ ಜಾಲದ ವೃಥಾ ವ್ಯಯ. ತಪ್ಪಾಗಿ ತಿಳಿದಿರುವುದರಿಂದಲಾದರೋ ಫ್ರೇಮೇ ಇಲ್ಲದ ಕಡೆಗೆ ಹೋಗಿ ನಾಶವಾಗುತ್ತದೆ. ಚಿಪ್ಪಿನ ರಚನೆಯ ಬಹುಭಾಗ ಈ ಭೇದದಿಂದಲೇ ಹುಟ್ಟಿದೆ.

ಮೊದಲನೆಯದಾಗಿ ವೇಗದ ಮಾತು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ೨೪ ಪೋರ್ಟುಗಳ ಸ್ವಿಚ್ಚನ್ನು ಭಾವಿಸೋಣ. ಅತಿ ಚಿಕ್ಕ ಫ್ರೇಮು ೬೪ ಬೈಟುಗಳದು. ಮುನ್ಸೂಚನೆಯ ೮ ಮತ್ತು ನಡುವಣ ತೆರಪಿನ ೧೨ ಬೈಟುಗಳನ್ನು ಕೂಡಿಸಿದರೆ ೬೭೨ ಬಿಟ್ಟುಗಳು, ಎಂದರೆ ೬೭೨ ನ್ಯಾನೋಸೆಕೆಂಡುಗಳು. ಎಲ್ಲ ಪೋರ್ಟುಗಳೂ ತುಂಬಿ ಹರಿಯುವಾಗ ಒಂದು ಫ್ರೇಮಿಗೆ ದೊರೆಯುವ ಅವಧಿ ೨೮ ನ್ಯಾನೋಸೆಕೆಂಡು ಮಾತ್ರ. ಅಷ್ಟರಲ್ಲಿ ಮೂಲಕ್ಕೊಮ್ಮೆ, ಗಮ್ಯಕ್ಕೊಮ್ಮೆ ಹುಡುಕಬೇಕು. ಸಾವಿರಾರು ನಮೂದುಗಳನ್ನು ಒಂದೊಂದಾಗಿ ಹೋಲಿಸಲು ಇದು ಸಾಲದು. ಎಲ್ಲವನ್ನೂ ಏಕಕಾಲದಲ್ಲಿ ಹೋಲಿಸುವ ವಿಶೇಷ ಸ್ಮೃತಿಗಳುಂಟು, ಆದರೆ ಅವು ಹೆಚ್ಚು ಸ್ಥಳವನ್ನೂ ವಿದ್ಯುತ್ತನ್ನೂ ಬೇಡುತ್ತವೆ. ಆದುದರಿಂದ ಸಾಮಾನ್ಯ ಚಿಪ್ಪುಗಳು ಹ್ಯಾಷ್ ಕ್ರಮವನ್ನು ಅನುಸರಿಸುತ್ತವೆ: ೪೮ ಬಿಟ್ಟುಗಳ ವಿಳಾಸವನ್ನು ಗಣಿತಕ್ರಿಯೆಯೊಂದರಿಂದ, ಉದಾಹರಣೆಗೆ, ೧೦ ಬಿಟ್ಟುಗಳಿಗೆ ಇಳಿಸಿ, ೧೦೨೪ ಗೂಡುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ. ಗೂಡೊಂದಕ್ಕೆ ನಾಲ್ಕು ನಮೂದುಗಳಾದರೆ ಒಟ್ಟು ಸಾಮರ್ಥ್ಯ ೪೦೯೬. ಹುಡುಕುವಾಗ ಹೋಲಿಸಬೇಕಾದುದು ನಾಲ್ಕನ್ನು ಮಾತ್ರ.

ಆದರೆ ೪೦೯೬ ಎಂದು ಬರೆದಿರುವ ಕೋಷ್ಟಕದಲ್ಲಿ ೪೦೯೬ ವಿಳಾಸಗಳು ಹಿಡಿಸುತ್ತವೆಯೆ? ಒಂದೇ ಗೂಡಿಗೆ ಐದನೆಯ ವಿಳಾಸ ಬಂದರೆ, ಪಕ್ಕದ ಗೂಡು ಬರಿದಾಗಿದ್ದರೂ ಅದಕ್ಕೆ ಸ್ಥಳವಿಲ್ಲ. ವಿಳಾಸಗಳು ಗೂಡುಗಳಲ್ಲಿ ಯಾದೃಚ್ಛಿಕವಾಗಿ ಹರಡುತ್ತವೆಂದಿಟ್ಟುಕೊಂಡು ಪಾಯ್ಸಾನ್ ಸೂತ್ರದಿಂದ ಲೆಕ್ಕ ಹಾಕಿದರೆ, ೨೦೪೮ ವಿಳಾಸಗಳು ಬಂದಾಗಲೇ ಸುಮಾರು ೭೫ಕ್ಕೆ ಎಡೆ ದೊರೆಯದು. ೪೦೯೬ ಬಂದರೆ ಸುಮಾರು ೮೦೦ ಹೊರಗುಳಿಯುತ್ತವೆ. ಮಾರಾಟದ ಪತ್ರಿಕೆಗಳಲ್ಲಿ ಮುದ್ರಿತವಾಗುವ ಸಂಖ್ಯೆಯನ್ನು ಹೀಗೆ ಕೊಂಚ ಇಳಿಸಿಯೇ ಓದಿಕೊಳ್ಳುವುದು ಲೇಸು. ಎಡೆಯಿಲ್ಲದಾಗ ಕೆಲವು ಚಿಪ್ಪುಗಳು ಗೂಡಿನಲ್ಲಿರುವ ಹಳೆಯ ನಮೂದನ್ನು ಅಳಿಸುತ್ತವೆ. ಕೆಲವು ಹೊಸತನ್ನು ಕಲಿಯಲು ನಿರಾಕರಿಸುತ್ತವೆ.

ಗಣಿತಕ್ರಿಯೆಯ ಆಯ್ಕೆಯೂ ಕ್ಷುಲ್ಲಕವಲ್ಲ. ಒಂದೇ ತಂಡದಲ್ಲಿ ಕೊಂಡ ಯಂತ್ರಗಳ ವಿಳಾಸಗಳು ಅನೇಕ ವೇಳೆ ಅನುಕ್ರಮವಾಗಿರುತ್ತವೆ. ವಿಳಾಸದ ಕೊನೆಯ ೧೦ ಬಿಟ್ಟುಗಳನ್ನೇ ಗೂಡಿನ ಸಂಖ್ಯೆಯೆಂದು ತೆಗೆದುಕೊಂಡರೆ ಇಂತಹವು ಯಾದೃಚ್ಛಿಕ ಹಂಚಿಕೆಗಿಂತಲೂ ಸಮವಾಗಿ ಹರಡುತ್ತವೆ. ಅದೇ, ತಯಾರಕನು ಸಾಧನವೊಂದಕ್ಕೆ ೧೬ ವಿಳಾಸಗಳನ್ನು ಕಾದಿರಿಸಿ ಮೊದಲನೆಯದೊಂದನ್ನೇ ಬಳಸಿದ್ದರೆ, ೧೦೨೪ ಗೂಡುಗಳಲ್ಲಿ ೬೪ ಮಾತ್ರ ಬಳಕೆಗೆ ಬಂದು ಉಳಿದವು ಬರಿದಾಗಿಯೇ ಇರುತ್ತವೆ. ಆದುದರಿಂದಲೇ ದೋಷಪರೀಕ್ಷೆಗೆ ಬಳಸುವ ಸಿಆರ್‌ಸಿ ಬಹುಪದಿಯನ್ನು ಇಲ್ಲಿಯೂ ಬಳಸುವ ರೂಢಿ ಬಂದಿದೆ.

ಇನ್ನು ಮರೆವು. ಯಂತ್ರವನ್ನು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಒಯ್ದರೆ ಹಳೆಯ ನಮೂದು ಸುಳ್ಳಾಗುತ್ತದೆ. ಆ ಯಂತ್ರವೇ ಮಾತನಾಡಿದರೆ ಹೊಸ ಪೋರ್ಟು ಒಡನೆಯೇ ದಾಖಲಾಗುವುದು, ಅದು ಮೌನವಾಗಿದ್ದರೆ? ಇದಕ್ಕಾಗಿ ಮಾನಕವು ೩೦೦ ಸೆಕೆಂಡುಗಳ ಆಯುಸ್ಸನ್ನು ಸೂಚಿಸಿದೆ. ಚಿಪ್ಪಿನಲ್ಲಿ ಪ್ರತಿ ನಮೂದಿಗೂ ಪೂರ್ಣ ವೇಳೆಯನ್ನು ಬರೆಯಲು ಸ್ಥಳವಿಲ್ಲ. ಕೆಲವೇ ಬಿಟ್ಟುಗಳ ಎಣಿಕೆಯೊಂದಿರುತ್ತದೆ. ಮೂಲ ವಿಳಾಸ ಕಂಡಾಗಲೆಲ್ಲ ಎಣಿಕೆಯು, ಉದಾಹರಣೆಗೆ, ೪ಕ್ಕೆ ಏರುತ್ತದೆ, ೭೫ ಸೆಕೆಂಡುಗಳಿಗೊಮ್ಮೆ ಕೋಷ್ಟಕವನ್ನೆಲ್ಲ ಸುತ್ತಿಬರುವ ಯಂತ್ರಭಾಗವೊಂದು ಅದನ್ನು ಒಂದೊಂದಾಗಿ ಇಳಿಸುತ್ತದೆ, ಸೊನ್ನೆಯಾದುದು ಅಳಿಯುತ್ತದೆ. ಏರಿದ ಮರುಕ್ಷಣವೇ ಸುತ್ತು ಬರಬಹುದಾದ್ದರಿಂದ ನಿಜವಾದ ಆಯುಸ್ಸು ೨೨೫ರಿಂದ ೩೦೦ ಸೆಕೆಂಡುಗಳ ನಡುವೆ ಎಲ್ಲಿಯಾದರೂ ಇರಬಹುದು. ಇಷ್ಟು ಒರಟಾದ ಗಡಿಯಾರ ಸಾಕಾಗುವುದು ಏತಕ್ಕೆಂದರೆ, ಕೊಂಚ ಬೇಗ ಮರೆತರೂ ಫ್ರೇಮು ನಾಶವಾಗುವುದಿಲ್ಲ.

ಆದರೆ ಬೇಗ ಮರೆಯುವುದಕ್ಕೂ ಬೆಲೆಯುಂಟು. ಸಿಸ್ಕೊ ರೌಟರುಗಳು ಐಪಿ ವಿಳಾಸಕ್ಕೂ ಮ್ಯಾಕ್ ವಿಳಾಸಕ್ಕೂ ಇರುವ ಸಂಬಂಧವನ್ನು, ಬೇರೆ ಸೂಚನೆಯಿಲ್ಲದಿದ್ದರೆ, ೪ ಗಂಟೆ ನೆನಪಿಡುತ್ತವೆ. ಯಂತ್ರವೊಂದರ ಉತ್ತರಗಳು ಬೇರೊಂದು ಮಾರ್ಗವಾಗಿ ಹೋಗುವ ಜಾಲದಲ್ಲಿ, ಈ ಕಡೆಯ ಸ್ವಿಚ್ಚಿಗೆ ಆ ಯಂತ್ರದ ದನಿಯೇ ಕೇಳಿಸದು. ಐದು ನಿಮಿಷಗಳಲ್ಲಿ ಸ್ವಿಚ್ಚು ಮರೆಯುತ್ತದೆ, ರೌಟರು ಕಳುಹಿಸುತ್ತಲೇ ಇರುತ್ತದೆ. ಪ್ರತಿಯೊಂದು ಫ್ರೇಮೂ ಎಲ್ಲ ಪೋರ್ಟುಗಳಿಗೂ ಹರಿಯುತ್ತದೆ. ಎಲ್ಲವೂ ಸರಿಯಾಗಿ ತಲುಪುತ್ತಿರುವುದರಿಂದ ಯಾರೂ ದೂರು ಹೇಳುವುದಿಲ್ಲ. ಎರಡು ಅವಧಿಗಳನ್ನು ಸರಿಹೊಂದಿಸಿದರೆ ಇದು ನಿಲ್ಲುತ್ತದೆ.

ಅಚಾತುರ್ಯದಿಂದ ಆಗುವ ಇದನ್ನೇ ಬುದ್ಧಿಪೂರ್ವಕವಾಗಿಯೂ ಮಾಡಬಹುದು. ಮೂಲ ವಿಳಾಸವು ಕಳುಹಿಸಿದವನದೇ ಎಂಬುದಕ್ಕೆ ಚಿಪ್ಪು ಯಾವ ಪ್ರಮಾಣವನ್ನೂ ಕೇಳುವುದಿಲ್ಲವಷ್ಟೆ. ೧೯೯೯ರಲ್ಲಿ ಈಯಾನ್ ವಿಟೆಕ್ ಬರೆದ ಮ್ಯಾಕಾಫ್ ಎಂಬ ಕಾರ್ಯಕ್ರಮವು ಕಲ್ಪಿತ ಮೂಲ ವಿಳಾಸಗಳ ಫ್ರೇಮುಗಳನ್ನು ಒಂದೇ ಸಮನೆ ಸುರಿದು ಕೋಷ್ಟಕವನ್ನು ತುಂಬಿಬಿಡುತ್ತದೆ. ಆ ಬಳಿಕ ಕಲಿಯಲಾಗದ ವಿಳಾಸಗಳಿಗೆ ಸಲ್ಲುವ ಫ್ರೇಮುಗಳೆಲ್ಲ ಎಲ್ಲೆಡೆಗೂ ಹರಡುತ್ತವೆ, ಸುರಿದವನ ಪೋರ್ಟಿಗೂ ಸಹ. ಪೋರ್ಟೊಂದರಿಂದ ಕಲಿಯಬಹುದಾದ ವಿಳಾಸಗಳ ಸಂಖ್ಯೆಗೆ ಮಿತಿಯನ್ನು ವಿಧಿಸುವುದು ಇದಕ್ಕೆ ಪರಿಹಾರ; ಅನೇಕ ಸ್ವಿಚ್ಚುಗಳಲ್ಲಿ ಈ ಸೌಲಭ್ಯವಿದ್ದರೂ ಅದನ್ನು ಜಾರಿಗೆ ತರುವುದು ನಿರ್ವಾಹಕನ ಹೊಣೆ. ಬೇರೊಬ್ಬನ ಒಂದೇ ವಿಳಾಸವನ್ನು ಧರಿಸಿ ಬಂದವನನ್ನು ಈ ಮಿತಿಯೂ ತಡೆಯಲಾರದು. ಫ್ರೇಮುಗಳನ್ನೇ ಗೂಢಲಿಪಿಗೊಳಿಸುವ ಕ್ರಮವನ್ನು ಐಇಇಇ ೨೦೦೬ರಲ್ಲಿ ೮೦೨.೧ಎಇ ಎಂಬ ಮಾನಕವಾಗಿ ಪ್ರಕಟಿಸಿದೆ; ಅದರ ವಿಚಾರ ಪ್ರಕೃತ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ.