ನಾಲ್ವರು ಕೂಡಿದ ಕಡೆಯ ದಿನ

ಒಕ್ಕಲುತನದ ಮನೆಗಳಲ್ಲಿ ಪಾಲಾಗುವ ಮುನ್ನಿನ ಸುಗ್ಗಿಗೆ ಒಂದು ವಿಶೇಷವುಂಟು. ಮನಸ್ಸುಗಳು ಆಗಲೇ ಬೇರೆಯಾಗಿದ್ದರೂ ಅಣ್ಣತಮ್ಮಂದಿರು ಒಂದೇ ಕಣದಲ್ಲಿ ರಾಶಿ ಮಾಡುತ್ತಾರೆ. ಇದೇ ಕಡೆಯದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿರೇಕೆರೂರು ಸೀಮೆಯ ವಾಚಕರಿಗೆ ಇದು ಹೊಸ ಮಾತಲ್ಲ. ಜಗತ್ತನ್ನೇ ಮರುಳುಗೊಳಿಸಿದ ‘ಬೀಟಲ್ಸ್’ ಗಾಯಕವೃಂದದ ಕಡೆಯ ದಿನಗಳೂ ಹೀಗೆಯೇ ಕಳೆದವು.

ಅವರು ಹಾಡುತ್ತಿದ್ದ ಲಂಡನ್ನಿನ ಆ್ಯಬಿ ರೋಡ್ ಧ್ವನಿಮುದ್ರಣ ಮಂದಿರಕ್ಕೂ ನಮಗೂ ದೂರದ ನಂಟಿದೆ. 1931ರಲ್ಲಿ ಆರಂಭವಾದ ಆ ಮಂದಿರ, ನಾಯಿಯ ಚಿತ್ರದ ‘ಹಿಸ್ ಮಾಸ್ಟರ್ಸ್ ವಾಯ್ಸ್’ ತಟ್ಟೆಗಳ ಒಡೆಯರದು. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿಯವರು 1930ರ ದಶಕದಲ್ಲಿ ಮುಂಬಯಿಯಲ್ಲಿ ಹಾಡಿಕೊಟ್ಟ ತಟ್ಟೆಗಳ ಮೇಲಿದ್ದುದೂ ಅದೇ ನಾಯಿ! 1968ರ ಜನವರಿಯಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಆ ಸಂಸ್ಥೆಯ ಮುಂಬಯಿ ಮಂದಿರಕ್ಕೇ ಬಂದು, ‘ದಿ ಇನ್ನರ್ ಲೈಟ್’ ಗೀತೆಗೆ ನಮ್ಮ ವಾದ್ಯಗಾರರ ವಾದನವನ್ನು ಮುದ್ರಿಸಿಕೊಂಡು ಹೋದರು.

ಬೀಟಲ್ಸ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಯನ್ ಎಪ್‌ಸ್ಟೈನ್ 1967ರಲ್ಲಿ ತೀರಿಕೊಂಡ ಮೇಲೆ ಮನೆಗೆ ಹಿರಿಯರಿಲ್ಲದಂತಾಯಿತು. ಆ ಸ್ಥಾನ ಯಾರಿಗೆಂಬ ವಿಷಯದಲ್ಲಿ ವಿರಸ ಹುಟ್ಟಿತು. 1969ರ ಜನವರಿಯಲ್ಲಿ ಹ್ಯಾರಿಸನ್ ಬೇಸತ್ತು ಕೆಲದಿನ ಹೊರನಡೆದದ್ದೂ ಉಂಟು. ಆದರೂ ಆ ಬೇಸಗೆಯಲ್ಲಿ ನಾಲ್ವರೂ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಕೈಕೆಳಗೆ ಮತ್ತೆ ಕೂಡಿದರು.

ಏನಾಶ್ಚರ್ಯ! ಆ ಮುದ್ರಣದಲ್ಲಿ ಜಗಳದ ಸುಳಿವೇ ಇಲ್ಲ. ‘ದಿ ಎಂಡ್’ ಎಂಬ ಗೀತೆಯಲ್ಲಿ ಪಾಲ್ ಮೆಕಾರ್ಟ್ನಿ, ಹ್ಯಾರಿಸನ್, ಜಾನ್ ಲೆನನ್ ಮೂವರೂ ಸರದಿಯಂತೆ ಗಿಟಾರ್ ನುಡಿಸುತ್ತಾರೆ. ನಮ್ಮ ಜುಗಲಬಂದಿಯಂತೆ ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುತ್ತಾರೆ. ರಿಂಗೊ ಸ್ಟಾರ್ ಅವರ ಒಂಟಿ ಡ್ರಮ್ ವಾದನವೂ ಅದರಲ್ಲಿದೆ.

1969ರ ಆಗಸ್ಟ್ 20. ಧ್ವನಿಗಳನ್ನು ಹದವಾಗಿ ಬೆರೆಸಿ, ಹಾಡುಗಳ ಅನುಕ್ರಮ ಗೊತ್ತುಮಾಡುವ ಕೆಲಸವಿತ್ತು. ಏಳೂವರೆ ನಿಮಿಷಕ್ಕೂ ಮೀರಿದ ಲೆನನ್‌ರ ಗೀತೆಯೊಂದು ಅಂದು ಸಿದ್ಧವಾಯಿತು. ಆ ಹಾಡು ಮೆಲ್ಲಗೆ ಕರಗುವುದಿಲ್ಲ. ದಾರ ಕಡಿದಂತೆ ತಟ್ಟನೆ ನಿಲ್ಲುತ್ತದೆ. ನಾಲ್ವರೂ ಆ ಮಂದಿರದಲ್ಲಿ ಒಟ್ಟಿಗಿದ್ದುದು ಅದೇ ಕಡೆ. ಒಂದು ತಿಂಗಳಲ್ಲಿ ಲೆನನ್ ತಾವು ಬಿಡುವುದಾಗಿ ಉಳಿದವರಿಗೆ ತಿಳಿಸಿದರು. 1970ರ ಜನವರಿ 3ರಂದು ‘ಐ ಮೀ ಮೈನ್’ ಮುದ್ರಿಸಲು ಬಂದವರು ಮೂವರೇ, ಲೆನನ್ ಡೆನ್ಮಾರ್ಕಿನಲ್ಲಿದ್ದರು.

1980ರಲ್ಲಿ ಲೆನನ್ ಹತರಾದರು. 2001ರಲ್ಲಿ ಹ್ಯಾರಿಸನ್ ತೀರಿಕೊಂಡರು. ನಾಲ್ವರೂ ಮತ್ತೆ ಕೂಡಲೇ ಇಲ್ಲ. ಸ್ನೇಹ ಮುರಿಯುವುದು ಲೋಕರೂಢಿ. ಮುರಿಯುವ ಹೊತ್ತಿನಲ್ಲೂ ಕೈಗೆತ್ತಿಕೊಂಡ ಕೆಲಸಕ್ಕೆ ಕುಂದು ಬಾರದಂತೆ ನಡೆದುಕೊಳ್ಳುವುದು ದೊಡ್ಡತನ.