ನಿಮ್ಮ ಚೀಲಕ್ಕೆ ನಿಮ್ಮದೇ ಗುರುತು

ಜೀನ್ಸ್ ಎಂದರೆ ಬಳ್ಳಾರಿ ಎನ್ನುವಷ್ಟು ಹೆಸರು ನಮ್ಮೂರಿಗಿದೆ. ಕೆಲವು ಓಣಿಗಳಲ್ಲಂತೂ ಬೆಳಗಿನ ಕಾಫಿಗೂ ಮೊದಲೇ ಹೊಲಿಗೆ ಯಂತ್ರದ ಸದ್ದು ಶುರು. ಪ್ಯಾಂಟು ಕತ್ತರಿಸಿ ಉಳಿದ ತುಂಡುಬಟ್ಟೆ ಅಗ್ಗಕ್ಕೆ ಸಿಗುತ್ತದೆ. ಅದನ್ನು ಜೋಡಿಸಿ ಸಂತೆಚೀಲ, ಮಕ್ಕಳ ಬುತ್ತಿಚೀಲ ಹೊಲಿಯುವ ಸೋದರಿಯರು ನಿಮ್ಮಲ್ಲೂ ಇರಬಹುದು. ಚೀಲ ಚೆಂದ, ಹೊಲಿಗೆಯೂ ಗಟ್ಟಿ. ಆದರೆ ಅಂಗಡಿಯವರು “ಇದು ಯಾವ ಕಂಪನೀದಮ್ಮ?” ಎಂದು ಕೇಳಿದರೆ ಏನು ಹೇಳುತ್ತೀರಿ?

ಸಿರುಗುಪ್ಪದಲ್ಲಿರುವ ನನ್ನ ನಾದಿನಿಗೆ ಈ ಪ್ರಶ್ನೆ ಎದುರಾದಾಗ ನಾನು ದೊಡ್ಡ ಜಾಣೆಯಂತೆ ಹೆಸರಾಂತ ಕಂಪನಿಯೊಂದರ ಲೇಬಲ್ಲುಗಳ ಪೊಟ್ಟಣ ತಂದುಕೊಟ್ಟೆ. ಪಾಪ, ಹನ್ನೆರಡು ಚೀಲಕ್ಕೂ ಹೊಲಿದಳು. ಇಲ್ಲಿಯ ಅಂಗಡಿಯವರು ಕೈಯಲ್ಲಿ ಹಿಡಿದು ನೋಡಿ, “ಇದನ್ನ ಇಟ್ಕೊಂಡ್ರೆ ನಾವು ಜೈಲಿಗೆ ಹೋಗ್ಬೇಕಾಗ್ತದೆ, ತಗೊಂಡ್ಹೋಗ್ರಿ” ಎಂದು ಹನ್ನೆರಡನ್ನೂ ವಾಪಸು ಕೊಟ್ಟರು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬ್ಲೇಡು ಹಿಡಿದು ಲೇಬಲ್ಲು ಬಿಚ್ಚುತ್ತಾ ಕುಳಿತಳು. ಅಂದಿದ್ದರೇ ಚೆನ್ನಾಗಿತ್ತು!

ಅಂಗಡಿಯವರ ಹೆದರಿಕೆ ಸುಳ್ಳಲ್ಲ. 1999ರ ಟ್ರೇಡ್ ಮಾರ್ಕ್ ಕಾಯಿದೆಯ ಪ್ರಕಾರ ಇನ್ನೊಬ್ಬರ ಗುರುತನ್ನು ಸುಳ್ಳಾಗಿ ಹಾಕಿದವರಿಗೆ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಅಂಥ ಮಾಲು ಮಾರುವವರನ್ನೂ ಕಾನೂನು ಬಿಡುವುದಿಲ್ಲ. ಹಾಗಿರುವಾಗ ನಮ್ಮ ಕೈಕೆಲಸಕ್ಕೆ ಪರರ ಹೆಸರೇಕೆ?

ಈಗ ಕೆಲಸದ ಮಾತಿಗೆ ಬರೋಣ. ಮೊದಲು ಚಿತ್ರ ಯಾವುದೆಂದು ಗೊತ್ತುಮಾಡಿಕೊಳ್ಳಿ. ಕುರುಗೋಡಿನ ಪರಿಚಿತರೊಬ್ಬರು ತಮ್ಮೂರ ದೊಡ್ಡ ಬಸವಣ್ಣನನ್ನು ಗೆಜ್ಜೆ, ಗಂಟೆಸರದ ಸಮೇತ ಬಿಡಿಸಲು ಹೋಗಿ ಮೂರು ದಿನ ಕಣ್ಣು ನೋಯಿಸಿಕೊಂಡರು. ದೂರದಿಂದ ನೋಡಿದರೆ ಅದು ಕುಂಬಳಕಾಯಿಯ ಹಾಗೆ ಕಾಣುತ್ತಿತ್ತು! ಆಮೇಲೆ ಕೊಂಬು, ಮುಖ, ಹಿಣಿಲು ಇಷ್ಟನ್ನೇ ಒಂದೇ ಗೆರೆಯಲ್ಲಿ ಎಳೆದರು. ಸೊಗಸಾಗಿ ಬಂತು. ಗುರುತಿನ ಚಿತ್ರ ಎರಡು ಮೂರು ಅಂಗುಲ ಸಾಕು, ಬಣ್ಣ ಎರಡು ಅಥವಾ ಮೂರು. ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಮನೆಯ ಮಕ್ಕಳಿಗೆ ಏನೆಂದು ಗೊತ್ತಾದರೆ ಸರಿ.

ಜೀನ್ಸ್ ಬಟ್ಟೆಯಲ್ಲಿ ಉದ್ದದ ಎಳೆಗಳಿಗೆ ಮಾತ್ರ ನೀಲಿ ಬಣ್ಣ ಹಾಕಿರುತ್ತಾರೆ, ಅಡ್ಡ ಎಳೆಗಳು ಬಿಳಿ. ಆ ನೀಲಿ ಬಣ್ಣ ಮೊದಮೊದಲು ಬಿಡುತ್ತದೆ, ಬಟ್ಟೆಯೂ ಕುಗ್ಗಬಹುದು. ಆದ್ದರಿಂದ ತುಂಡುಗಳನ್ನು ಬೇರೆಯಾಗಿ ಎರಡು ಬಾರಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಯೇ ಶುರುಮಾಡಿ. ಚೀಲ ಹೊಲಿಯುವ ಮುಂಚೆಯೇ ಕಸೂತಿ ಮುಗಿಯಬೇಕು, ಇದನ್ನು ಮರೆಯಬೇಡಿ. ಚೀಲವಾದ ಮೇಲೆ ಅದರೊಳಗೆ ರಿಂಗು ತೂರಿಸುವ ಪಾಡು ಯಾರಿಗೂ ಬೇಡ.

ಚಿತ್ರ ಇಳಿಸಲು ನೀಲಿ ಕಾರ್ಬನ್ ಪ್ರಯೋಜನವಿಲ್ಲ, ಬಿಳಿ ಅಥವಾ ಹಳದಿಯದು ಬೇಕು. ಸಿಗದಿದ್ದರೆ ತೆಳು ಕಾಗದದ ಮೇಲೆ ಬರೆದು, ಬಟ್ಟೆಗೆ ಓಟದ ಹೊಲಿಗೆ ಹಾಕಿ ಕೂರಿಸಿ, ಅದರ ಮೇಲೇ ಕಸೂತಿ ಮಾಡಿ ಕೊನೆಗೆ ಕಾಗದ ಹರಿದು ತೆಗೆಯಿರಿ. ಅಂಚಿಗೆ ಸರಪಳಿ ಹೊಲಿಗೆ ಚೆನ್ನು, ಬಾಳಿಕೆಯೂ ಹೆಚ್ಚು. ಆರು ಎಳೆಯ ದಾರದಲ್ಲಿ ಮೂರು ಎಳೆ ಬಳಸಿ. ನೀಲಿಯ ಮೇಲೆ ಬಿಳಿ, ಹಳದಿ, ಕೇಸರಿ ಎದ್ದು ಕಾಣುತ್ತವೆ, ಕಡುಹಸಿರು ಮುಳುಗಿಹೋಗುತ್ತದೆ. ಕೆಂಪು ದಾರವನ್ನು ಮಾತ್ರ ನಂಬಬೇಡಿ, ಒದ್ದೆಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ರಾತ್ರಿ ರಿಂಗು ಬಿಚ್ಚಿಡಿ, ಇಲ್ಲದಿದ್ದರೆ ಅದರ ಗುರುತೇ ಬಟ್ಟೆಯ ಮೇಲೆ ಕೂರುತ್ತದೆ.

ಕಸೂತಿಗೆ ಬಿಡುವಿಲ್ಲ ಎನ್ನುವವರು ಫ್ಯಾಬ್ರಿಕ್ ಪೇಂಟ್ ಬಳಸಬಹುದು. ಗಂಜಿ ಹೋಗುವಂತೆ ಬಟ್ಟೆ ಒಗೆದಿರಬೇಕು. ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ, ತೆಳ್ಳಗೆ ಎರಡು ಸಲ ಹಚ್ಚಿ. ಒಂದು ದಿನ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ, ಮೂರು ದಿನ ನೀರು ಸೋಕಿಸಬೇಡಿ.

ಕಸೂತಿ ಎಂದಮೇಲೆ ನಮ್ಮ ಜಿಲ್ಲೆಯ ಸಂಡೂರನ್ನು ನೆನೆಯದೆ ಇರಲಾದೀತೇ? ಅಲ್ಲಿಯ ಲಂಬಾಣಿ ಸೋದರಿಯರ 1,755 ಕಸೂತಿ ವಸ್ತುಗಳನ್ನು 2023ರ ಜುಲೈನಲ್ಲಿ ಹಂಪಿಯಲ್ಲಿ ಪ್ರದರ್ಶಿಸಿದಾಗ ಅದು ಗಿನ್ನೆಸ್ ದಾಖಲೆಯಾಯಿತು. ಅವರ ಕೆಲಸ ನೋಡಿ ಕಲಿಯಿರಿ. ಆದರೆ ನಾವು ಹಾಕಿದ ಕನ್ನಡಿ ಹೊಲಿಗೆಯನ್ನು ‘ಸಂಡೂರು ಲಂಬಾಣಿ ಕಸೂತಿ’ ಎಂದು ಮಾರುವಂತಿಲ್ಲ. ಆ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯಿದೆ, ಅದು ಅವರ ಸ್ವತ್ತು.

ನಿಮ್ಮ ಗುರುತನ್ನು ನೋಂದಾಯಿಸಬೇಕೇ? ನಾಲ್ಕು ಚೀಲ ಮಾರುವವರಿಗೆ ಆತುರವಿಲ್ಲ. ವ್ಯಾಪಾರ ಬೆಳೆದರೆ, ಸ್ವಂತ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕುವವರಿಗೆ ಒಂದು ವರ್ಗದ ವಸ್ತುಗಳಿಗೆ 4,500 ರೂಪಾಯಿ ಶುಲ್ಕ. ಚೀಲ 18ನೇ ವರ್ಗ, ಸಿದ್ಧ ಉಡುಪು 25ನೇ ವರ್ಗ. ನೋಂದಣಿ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು.

ನನ್ನ ನಾದಿನಿ ಬತ್ತದ ತೆನೆ ಆರಿಸಿಕೊಂಡಳು. ಸಿರುಗುಪ್ಪದವಳಲ್ಲವೇ, ಮನೆಯ ಸುತ್ತ ಗದ್ದೆ. ಹಳದಿ ದಾರದಲ್ಲಿ ಒಂದೇ ತೆನೆ, ಕೆಳಗೆ ಅವಳ ಹೆಸರಿನ ಮೊದಲಕ್ಷರ. ಲೇಬಲ್ಲು ಬಿಚ್ಚಿದ ಸೂಜಿತೂತುಗಳ ಮೇಲೆ ಅದೇ ತೆನೆಯ ತುಂಡು ಕೂರಿಸಿ, ಹನ್ನೆರಡನ್ನೂ ಅದೇ ಅಂಗಡಿಗೆ ಕೊಂಡೊಯ್ದೆವು. ಅವರು ಆರನ್ನು ಇಟ್ಟುಕೊಂಡರು. ಉಳಿದ ಆರರಲ್ಲಿ ಒಂದು ನನ್ನ ತರಕಾರಿ ಚೀಲವಾಗಿದೆ. ದುಡ್ಡು ಕೊಟ್ಟೇ ಕೊಂಡೆ.